ಮನೆಯಲ್ಲಿ ಸರ್ಕ್ಯೂಟ್ ಬೋರ್ಡ್: ಕಣ್ಣಿಗೆ ಸಿಡಿದರೆ ಮೊದಲ ಮದ್ದು ನೀರು

ಜಟಿಂಗ ರಾಮೇಶ್ವರ ಬೆಟ್ಟದ ಆಸುಪಾಸಿನ ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಮನೆಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿದ್ದರೆ ಹೆತ್ತವರು ಇದನ್ನು ತಿಳಿದಿರಬೇಕು.

ತಾಮ್ರದ ಪದರವಿರುವ ಬೋರ್ಡಿನ ಮೇಲೆ ಬೇಕಾದ ಗೆರೆಗಳನ್ನು ಮಾರ್ಕರ್‌ನಿಂದ ಮುಚ್ಚಿ, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸುತ್ತಾರೆ. ಮುಚ್ಚದ ತಾಮ್ರ ಕರಗಿಹೋಗುತ್ತದೆ. ಈ ದ್ರಾವಣ ಆಮ್ಲೀಯ. ಚರ್ಮವನ್ನು ಸುಡಬಲ್ಲದು, ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು.

ಮುನ್ನೆಚ್ಚರಿಕೆ:
• ಗಾಳಿಯಾಡುವ ಜಾಗ, ರಬ್ಬರ್ ಕೈಗವಸು, ರಕ್ಷಣಾ ಕನ್ನಡಕ ಇರಲಿ.
• ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಪುಡಿಯ ಮೇಲೆ ನೀರು ಸುರಿಯಬೇಡಿ, ಬಿಸಿಯಾಗಿ ಸಿಡಿಯಬಹುದು.
• ಅಲ್ಯೂಮಿನಿಯಂ ಪಾತ್ರೆ ಬೇಡ. ಪ್ಲಾಸ್ಟಿಕ್ ತಟ್ಟೆ ಬಳಸಿ, ಅದನ್ನು ಮತ್ತೆ ಅಡುಗೆಮನೆಗೆ ತರಬೇಡಿ.
• ಹೈಡ್ರೋಕ್ಲೋರಿಕ್ ಆಸಿಡ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ವಿಧಾನ ಮನೆಗೆ ಬೇಡ. ಅದರಿಂದ ಕ್ಲೋರಿನ್ ಅನಿಲ ಹೊರಬರಬಹುದು.
• ನೀರಿನ ಬಾಟಲಿಯಲ್ಲಿ ದ್ರಾವಣ ತುಂಬಿಡಬೇಡಿ.

ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು, ಹರಿಯುವ ಶುದ್ಧ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ. ಕೂಡಲೇ ಆಸ್ಪತ್ರೆಗೆ ಹೋಗಿ. ಸುರ್ಮಾ, ಗುಲಾಬ್ ಜಲ, ಜೇನು ಯಾವುದನ್ನೂ ಹಾಕಬೇಡಿ. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ: ಇಲ್ಲಿ ಮನೆಮದ್ದಿಗೆ ಜಾಗವಿಲ್ಲ. ಚರ್ಮಕ್ಕೆ ತಾಗಿದರೂ ಬಟ್ಟೆ ತೆಗೆದು ಹೀಗೆಯೇ ತೊಳೆಯಿರಿ. ಮಗು ನುಂಗಿದರೆ ಬಾಯಿ ಮುಕ್ಕಳಿಸಿ, ವಾಂತಿ ಮಾಡಿಸದೆ, ಪೊಟ್ಟಣದ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.

ಬಳಸಿದ ದ್ರಾವಣದಲ್ಲಿ ಕರಗಿದ ತಾಮ್ರವಿರುತ್ತದೆ. ಕೊಳವೆಬಾವಿಯನ್ನೇ ನಂಬಿರುವ ಊರಿನಲ್ಲಿ ಅದನ್ನು ಚರಂಡಿಗೋ ಮಣ್ಣಿಗೋ ಸುರಿಯುವುದು ಸರಿಯಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೆಸರು ಬರೆದಿಟ್ಟು, ಕಾಲೇಜಿನ ಪ್ರಯೋಗಾಲಯದವರನ್ನು ಕೇಳಿ ವಿಲೇವಾರಿ ಮಾಡಿ. ಸಾಧ್ಯವಿದ್ದರೆ ಈ ಕೆಲಸವನ್ನೇ ಪ್ರಯೋಗಾಲಯದಲ್ಲಿ ಮಾಡಲಿ.