ಖಾರದ ಗಿಣ್ಣುಕೇಕು

ಕೇಕು ಎಂದೊಡನೆ ಸಕ್ಕರೆಯೂ ಗಿಣ್ಣು ಎಂದೊಡನೆ ಬೆಲ್ಲವೂ ನೆನಪಿಗೆ ಬರುವುದು ನಮ್ಮವರ ರೂಢಿ. ಆದಕಾರಣ ಇವೆರಡನ್ನೂ ಒಂದುಗೂಡಿಸಿ, ಸಿಹಿಯನ್ನು ಪೂರ್ತಿಯಾಗಿ ಬಿಟ್ಟು, ಉಪ್ಪು ಮೆಣಸು ಬೆರಸಿ, ಊಟಕ್ಕೆ ಮೊದಲು ಹಸಿವನ್ನೆಬ್ಬಿಸಲು ಅತಿಥಿಗಳ ಮುಂದಿಡತಕ್ಕ ತಿನಿಸೊಂದರ ಪಾಕವನ್ನು ನಾವು ಬರೆಯಹೊರಟುದನ್ನು ಕಂಡು ಕೆಲವು ತಾಯಂದಿರು ನಕ್ಕರೂ ನಗಬಹುದು. ಆದರೆ ಇದು ಹೊಸ ವಿಚಾರವಲ್ಲ. ಕ್ರಿಸ್ತಪೂರ್ವ ೨ನೆಯ ಶತಮಾನದಲ್ಲಿ ರೋಮಿನ ಕೇಟೋ ಎಂಬವನು ಒಕ್ಕಲುತನವನ್ನು ಕುರಿತು ಬರೆದ ಗ್ರಂಥದಲ್ಲಿ ‘ಲೀಬುಮ್’ ಎಂಬುದೊಂದು ಕೇಕಿನ ಕ್ರಮವಿದೆ. ೨ ಪೌಂಡು ಗಿಣ್ಣನ್ನು ಒರಳಿನಲ್ಲಿ ನುಣ್ಣಗೆ ಅರೆದು, ೧ ಪೌಂಡು ಗೋಧಿಯ ಹಿಟ್ಟನ್ನೂ (ಮೃದುವಾಗಬೇಕಾದರೆ ಅರ್ಧ ಪೌಂಡನ್ನೇ) ೧ ಮೊಟ್ಟೆಯನ್ನೂ ಸೇರಿಸಿ, ಅಡಿಯಲ್ಲಿ ಎಲೆ ಹಾಸಿ, ಬಿಸಿಯಾದ ಒಲೆಯ ಮೇಲೆ ಮಣ್ಣಿನ ಮುಚ್ಚಳವನ್ನು ಕವಿಚಿ ಮೆಲ್ಲಗೆ ಬೇಯಿಸತಕ್ಕದ್ದೆಂದು ಅವನು ಹೇಳುತ್ತಾನೆ. ಜೇನಿನ ಮಾತೇ ಅಲ್ಲಿಲ್ಲ. ಒರಳು, ಎಲೆ, ಕೆಂಡ. ಮೂಡಿಗೆರೆ ಕಳಸಗಳ ಕಡೆಯ ಅಜ್ಜಿಯರಿಗೆ ಇವನ್ನು ಬಿಡಿಸಿ ಹೇಳಬೇಕಾದುದೇನೂ ಇಲ್ಲ.

ಪಾಕಕ್ಕೆ ಮುಂಚೆ ಗಿಣ್ಣಿನ ಗುಣವನ್ನು ತಿಳಿದುಕೊಳ್ಳುವುದು ಅವಶ್ಯ. ಹಸು ಈದ ಮೊದಲ ಕೆಲವು ದಿನಗಳ ಹಾಲನ್ನು ಹಬೆಯಲ್ಲಿಟ್ಟರೆ ತಾನಾಗಿಯೇ ಗಟ್ಟಿಯಾಗುವುದು. ಸಾಧಾರಣವಾದ ಹಾಲಾದರೋ ಎಷ್ಟು ಹೊತ್ತು ಕುದಿದರೂ ಗಟ್ಟಿಯಾಗದು. ಯಾಕಂದರೆ ಆ ಮೊದಲ ಹಾಲಿನಲ್ಲಿ, ಕಾವಿಗೆ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವ ಪ್ರೋಟೀನುಗಳು ಬಹಳವಾಗಿ ತುಂಬಿರುತ್ತವೆ. ಅವುಗಳಲ್ಲಿ ಮುಖ್ಯವಾದವು ರೋಗವನ್ನು ತಡೆಯುವಂಥವು. ಮನುಷ್ಯರ ಮಕ್ಕಳಿಗೆ ತಾಯಿಯ ಗರ್ಭದಲ್ಲಿರುವಾಗಲೇ ಈ ರಕ್ಷಣೆ ಒಂದಿಷ್ಟು ದೊರೆಯುತ್ತದೆ. ಕರುವಿಗೆ ಹಾಗೆ ದೊರೆಯದು. ಗಿಣ್ಣುಹಾಲನ್ನು ಕುಡಿದೇ ಅದನ್ನು ಪಡೆಯಬೇಕು. ಅದೂ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿಯೇ. ೨೪ ಗಂಟೆಗಳು ಕಳೆಯುವಷ್ಟರಲ್ಲಿ ಕರುವಿನ ಕರುಳು ಆ ಸತ್ವವನ್ನು ಹೀರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟು ಗಿಣ್ಣುಹಾಲು ಅದರ ಹೊಟ್ಟೆ ಸೇರಬೇಕೆಂದು ಪಶುವೈದ್ಯರು ಹೇಳುತ್ತಾರೆ.

ನಮ್ಮ ಬೆಟ್ಟಗಳ ಮಲೆನಾಡು ಗಿಡ್ಡ ಹಸು, ೨೦೧೨ರಲ್ಲಿ ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆದ ಆ ಪುಟ್ಟ ಹಸು, ಕೊಡುವ ಹಾಲೇ ಸ್ವಲ್ಪ. ನೆಂಟರಿಗೂ ನೆರೆಯವರಿಗೂ ಗಿಣ್ಣು ಹಂಚುವುದು ಒಳ್ಳೆಯ ಪದ್ಧತಿಯೇ ಸರಿ. ಕರು ತೃಪ್ತಿಯಾಗಿ ಕುಡಿದ ತರುವಾಯ ಮಿಕ್ಕದ್ದನ್ನು ಹಂಚಬೇಕಲ್ಲದೆ ಅದರ ಬಾಯಿಂದ ಕಸಿದು ಹಂಚುವುದು ನಮಗೆ ಒಪ್ಪಿಗೆಯಾಗದ ಮಾತು. ಅತಿಥಿಗಳು ಬರುವರೆಂದು ಗಿಣ್ಣುಹಾಲಿಗಾಗಿ ಹುಡುಕಾಡುವುದಂತೂ ಕೂಡದು. ಆದುದರಿಂದ ಇಲ್ಲಿ ಹೇಳುವ ಕೇಕನ್ನು ಸಾಧಾರಣವಾದ ಹಾಲಿನಿಂದಲೇ ಮಾಡತಕ್ಕದ್ದು. ಹಾಲನ್ನು ಒಡೆಯುವ ಕೆಲಸವನ್ನು ನಿಂಬೆಯ ಹುಳಿಯೂ, ಗಟ್ಟಿಗೊಳಿಸುವ ಕೆಲಸವನ್ನು ಮೊಟ್ಟೆಯೂ ಮಾಡುವುವು.

೨ ಲೀಟರು ಹಸುವಿನ ಹಾಲನ್ನು ಚೆನ್ನಾಗಿ ಕುದಿಸಿ ಒಲೆಯಿಂದಿಳಿಸಿರಿ. ಎರಡು ಮೂರು ನಿಮಿಷ ಬಿಟ್ಟು, ೩ ನಿಂಬೆಹಣ್ಣುಗಳ ರಸಕ್ಕೆ ಅಷ್ಟೇ ನೀರು ಬೆರಸಿ, ಸ್ವಲ್ಪಸ್ವಲ್ಪವಾಗಿ ಹೊಯ್ಯುತ್ತಾ ಮೆಲ್ಲಗೆ ಕದಡಿರಿ. ನೀರು ತಿಳಿಯಾಗಿ ಹಸುರು ಹಳದಿಯ ಬಣ್ಣಕ್ಕೆ ತಿರುಗಿದೊಡನೆ ಹುಳಿಯನ್ನು ನಿಲ್ಲಿಸತಕ್ಕದ್ದು. ಹೆಚ್ಚು ಹುಳಿ ಬಿದ್ದಲ್ಲಿ ಗಿಣ್ಣು ಒರಟಾಗುವುದು. ತೆಳುವಾದ ಹತ್ತಿಯ ಬಟ್ಟೆಯಲ್ಲಿ ಸೋಸಿ, ತಣ್ಣೀರಿನಿಂದ ಒಮ್ಮೆ ತೊಳೆದು, ಅರ್ಧ ಗಂಟೆ ತೂಗಹಾಕಿರಿ. ಮೇಲೆ ಕಲ್ಲು ಹೇರಿ ಒತ್ತಬಾರದು. ಅಂಗಡಿಯ ಪನೀರು ಈ ಕೆಲಸಕ್ಕೆ ಒಗ್ಗದಿರುವುದೂ ಅದಕ್ಕಾಗಿಯೇ; ಒತ್ತಿ ಒಣಗಿಸಿದ ಪನೀರು ಎಷ್ಟು ಅರೆದರೂ ಬಾಯಲ್ಲಿ ತರಿತರಿಯಾಗಿಯೇ ಉಳಿಯುತ್ತದೆ. ಹೀಗೆ ಸುಮಾರು ೩೦೦ ಗ್ರಾಮು ಮೆತ್ತನೆಯ ಗಿಣ್ಣು ದೊರಕುವುದು. ಇದರ ಜೊತೆಗೆ ಅರ್ಧ ಲೀಟರು ಹುಳಿಯಿಲ್ಲದ ಗಟ್ಟಿಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೂರು ಗಂಟೆ ತೂಗಹಾಕಿ ನೀರಿಳಿಸಿಕೊಂಡಿರಬೇಕು.

ಗಿಣ್ಣನ್ನೂ ಮೊಸರನ್ನೂ ಒರಳಿನಲ್ಲಿಯೋ ಮಿಕ್ಸಿಯಲ್ಲಿಯೋ ಬೆಣ್ಣೆಯಂತೆ ನುಣ್ಣಗಾಗುವ ತನಕ ಅರೆಯಿರಿ. ಈ ಅರೆಯುವಿಕೆಯಲ್ಲಿ ಸೋಮಾರಿತನ ಮಾಡಿದವರಿಗೆ ಮುಂದೆ ಯಾವ ಉಪಾಯದಿಂದಲೂ ನುಣುಪು ದೊರೆಯದು. ಅನಂತರ ೩ ಮೊಟ್ಟೆಗಳನ್ನು ಒಂದೊಂದಾಗಿ ಬೆರಸಬೇಕು; ನೊರೆ ಏಳುವಂತೆ ಕಡೆಯಬಾರದು, ಗಾಳಿ ತುಂಬಿದರೆ ಕೇಕು ಉಬ್ಬಿ ಬಳಿಕ ಕುಸಿದು ಬಿರಿಯುವುದು. ೧ ದೊಡ್ಡ ಚಮಚೆ ಅಕ್ಕಿಹಿಟ್ಟು, ೧ ಚಿಕ್ಕ ಚಮಚೆ ತುಂಬ ಉಪ್ಪು, ಬಾಡಿಸಿ ಆರಿಸಿದ ೧ ಈರುಳ್ಳಿ, ಹೆಚ್ಚಿದ ಕೊತ್ತಂಬರಿಸೊಪ್ಪು ಇವನ್ನು ಸೇರಿಸಿರಿ. ಕಾಳುಮೆಣಸನ್ನು ಪುಡಿಮಾಡದೆ ತರಿಯಾಗಿ ಕುಟ್ಟಿ ೧ ಚಿಕ್ಕ ಚಮಚೆ ಹಾಕಬೇಕು. ಕಾಫಿತೋಟದ ನೆರಳುಮರಗಳಿಗೆ ಹಬ್ಬಿದ ಬಳ್ಳಿಯಲ್ಲಿ ಹಸಿಮೆಣಸಿನ ಗೊಂಚಲು ದೊರೆಯುವ ಕಾಲದಲ್ಲಿ ಆ ಹಸುರು ಕಾಳುಗಳನ್ನೇ ಜಜ್ಜಿ ಹಾಕಿದರೆ ಅದರ ಪರಿಮಳವೇ ಬೇರೆ. ಸೂಜಿಮೆಣಸಿನ ಅಭಿಮಾನಿಗಳು ಒಂದೆರಡಕ್ಕೆ ಮಾತ್ರ ಕೈಹಾಕಲಿ. ಹಸಿವನ್ನೆಬ್ಬಿಸುವ ತಿನಿಸು ಕಣ್ಣೀರನ್ನು ಹರಿಸಬಾರದು.

ಓವನ್ನು ಇರುವ ಮನೆಗಳಲ್ಲಿ, ೧೦೦ ಗ್ರಾಮು ಒಣಗಿದ ಬ್ರೆಡ್ಡಿನ ಪುಡಿಗೆ ೫೦ ಗ್ರಾಮು ಕರಗಿಸಿದ ಬೆಣ್ಣೆ ಕಲಸಿ, ೧೮ ಸೆಂಟಿಮೀಟರು ಅಗಲದ ತಟ್ಟೆಯಲ್ಲಿ ಒತ್ತಿ, ಅದರ ಮೇಲೆ ಹಿಟ್ಟನ್ನು ಸುರಿದು, ೧೬೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ೪೦ರಿಂದ ೪೫ ನಿಮಿಷ ಬೇಯಿಸಬಹುದು. ಓವನ್ನಿಲ್ಲದವರು ಕೊರಗಬೇಕಾಗಿಲ್ಲ. ಬ್ರೆಡ್ಡಿನ ಪುಡಿ ಹಬೆಯಲ್ಲಿ ನೆನೆದು ಹೋಗುವುದರಿಂದ ಅದನ್ನು ಬಿಟ್ಟು, ಬಾಡಿಸಿದ ಬಾಳೆಯೆಲೆಯನ್ನಾಗಲಿ ಅರಿಸಿನದೆಲೆಯನ್ನಾಗಲಿ ತಟ್ಟೆಗೆ ಹಾಸಿ, ಕಡುಬು ಬೇಯಿಸುವ ಪಾತ್ರೆಯಲ್ಲಿಟ್ಟು, ಮುಚ್ಚಳದ ನೀರು ತೊಟ್ಟಿಕ್ಕದಂತೆ ಅದಕ್ಕೊಂದು ಬಟ್ಟೆ ಕಟ್ಟಿ, ಸಣ್ಣ ಉರಿಯಲ್ಲಿ ಸುಮಾರು ೪೦ ನಿಮಿಷ ಬೇಯಿಸಲಿ. ನಿಜ ಹೇಳಬೇಕಾದರೆ ಅರಿಸಿನದೆಲೆಯ ವಾಸನೆ ಹಿಡಿದ ಈ ಎರಡನೆಯದೇ ನಮಗೆ ಹೆಚ್ಚು ಮೆಚ್ಚಿಗೆ.

ಅಂಚು ಗಟ್ಟಿಯಾಗಿ, ತಟ್ಟೆಯನ್ನು ಅಲುಗಿಸಿದಾಗ ನಡುಭಾಗ ಇನ್ನೂ ಸ್ವಲ್ಪ ನಡುಗುತ್ತಿರುವಾಗಲೇ ಉರಿಯನ್ನು ಆರಿಸತಕ್ಕದ್ದು. ಒಳಗಿನ ಕಾವಿನಲ್ಲಿಯೇ ನಡುಭಾಗವು ಬೇಯುವುದು. ನಡುಗು ಪೂರ್ತಿ ನಿಲ್ಲುವ ತನಕ ಕಾದರೆ ಮೊಟ್ಟೆ ಬಿಗಿದುಕೊಂಡು ನೀರನ್ನು ಹಿಂಡಿಬಿಡುತ್ತದೆ, ಮೇಲ್ಮೈ ಬೇಸಗೆಯ ಗದ್ದೆಯಂತೆ ಬಿರುಕು ಬಿಡುತ್ತದೆ. ಆರಿದ ಮೇಲೆ ಒಂದೆರಡು ಗಂಟೆ ತಣ್ಣಗಿಟ್ಟು, ಬಿಸಿನೀರಿನಲ್ಲಿ ಅದ್ದಿದ ಚೂರಿಯಿಂದ ೧೬ ತುಂಡು ಮಾಡಿರಿ. ತುಂಡು ಚಿಕ್ಕದಾಯಿತೆಂದು ಸಂಕೋಚಪಡಬೇಡಿರಿ. ಊಟ ಹಿಂದೆ ಬರಲಿಕ್ಕಿದೆ. ಪಕ್ಕದಲ್ಲಿ ಒಂದು ಚಮಚೆ ಅಮಟೆಕಾಯಿಯ ಗೊಜ್ಜು ಇದ್ದರೆ ಸಾಕು.

ಮೊಟ್ಟೆ ಮುಟ್ಟದ ಮನೆಯವರು ಕೇಟೋವಿನಂತೆ ಹಿಟ್ಟನ್ನು ಹೆಚ್ಚಿಸಿಕೊಳ್ಳಲಿ: ಮೊಟ್ಟೆಗಳ ಬದಲು ೪ ದೊಡ್ಡ ಚಮಚೆ ಮೆಕ್ಕೆಜೋಳದ ಹಿಟ್ಟನ್ನು ಸ್ವಲ್ಪ ಹಾಲಿನಲ್ಲಿ ಕಲಸಿ ಹಾಕಿದರೆ ತಕ್ಕಮಟ್ಟಿಗೆ ನಿಲ್ಲುವುದು.

ಎಳೆಯ ಮಕ್ಕಳೂ ಗರ್ಭಿಣಿಯರೂ ಇರುವ ಮನೆಗಳಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಕಾಯಿಸದ ಹಾಲಿನಿಂದ ಗಿಣ್ಣು ಮಾಡಕೂಡದು. ಹಸುವಿನಿಂದ ಮನುಷ್ಯರಿಗೆ ತಗಲುವ ಬ್ರುಸೆಲ್ಲಾ ಜ್ವರವು ಹಸಿಹಾಲಿನ ಮೂಲಕ ಬರುತ್ತದೆ. ಕೇಕು ಬೆಂದ ಮೇಲೆಯೂ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಫ್ರಿಜ್ಜಿನಲ್ಲಿ ಎರಡು ದಿನ ಕೆಡದಿರುವುದು ನಿಜ. ಆದರೆ ಆಷಾಢದ ಮಳೆಗಾಳಿಗೆ ಮರ ಬಿದ್ದು ವಿದ್ಯುತ್ತು ನಿಂತುಹೋಗುವ ದಿನಗಳಲ್ಲಿ ಅದನ್ನು ನಂಬದೆ, ಅಂದಿನ ಊಟಕ್ಕೆ ಅಂದೇ ಮಾಡಿ ಮುಗಿಸುವುದು ಕ್ಷೇಮ. ಹಾಲೊಡಕಿನ ನೀರನ್ನು ಚೆಲ್ಲಬೇಡಿರಿ. ಅದರಲ್ಲಿ ಕಲಸಿದ ಅಕ್ಕಿರೊಟ್ಟಿಯ ಹಿಟ್ಟು ಮೃದುವಾಗುವುದು, ಸಾರಿಗೂ ಒಂದು ಲೋಟ ಹಾಕಬಹುದು.