ಮೂರೇ ಬಗೆ ಸಾಕು, ತುಂಡು ಮಾತ್ರ ದೊಡ್ಡದಿರಲಿ

ಪುಟ್ಟಿ, ಈ ಸಲ ಕ್ರಿಸ್‌ಮಸ್ ಊಟ ನಿಮ್ಮ ಮನೆಯಲ್ಲೇ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಅಡುಗೆಯನ್ನೆಲ್ಲ ನೆರೆಯವರೂ ಆಫೀಸಿನವರೂ ಹಂಚಿಕೊಂಡು ತರುತ್ತಾರಂತೆ. ಊಟದ ಕೊನೆಗೆ ಬರುವ ಚೀಸ್ ಹಲಗೆ ಮಾತ್ರ ನಿನ್ನ ಪಾಲಂತೆ. "ಅದೇನು ಮಹಾ, ಸೂಪರ್‌ಮಾರ್ಕೆಟ್ಟಿನಿಂದ ಒಂದು ಪೆಟ್ಟಿಗೆ ತಂದಿಟ್ಟರಾಯಿತು" ಎಂದೆಯಂತೆ. ಆ ಪೆಟ್ಟಿಗೆ ಬೇಡಮ್ಮ. ಅದರಲ್ಲಿ ಎಂಟು ಹತ್ತು ಬಗೆ ಇರುತ್ತದೆ ನಿಜ, ಆದರೆ ಒಂದೊಂದೂ ಹೆಬ್ಬೆರಳಿನಷ್ಟು. ಹೊರಗಿಟ್ಟ ಅರ್ಧ ಗಂಟೆಯಲ್ಲಿ ಅಂಚು ಒಣಗುತ್ತದೆ. ಇಷ್ಟವಾದದ್ದನ್ನು ಇನ್ನೊಂದು ಸಲ ತೆಗೆದುಕೊಳ್ಳೋಣ ಎಂದರೆ ಅದು ಪಕ್ಕದವರ ಬಾಯಿಗೆ ಹೋಗಿಯಾಗಿರುತ್ತದೆ.

ಮೂರು ಬಗೆ ಸಾಕು: ಒಂದು ಗಟ್ಟಿಯದು, ಒಂದು ಮೆತ್ತನೆಯದು, ಒಂದು ನೀಲಿ. ಹೊಟ್ಟೆ ತುಂಬ ಉಂಡ ಮೇಲೆ ತಲೆಗೆ 60-75 ಗ್ರಾಂ ಲೆಕ್ಕ ಹಿಡಿ. ಎಂಟು ಜನರಿದ್ದರೆ ಇನ್ನೂರು ಗ್ರಾಂನ ಮೂರು ತುಂಡು ಧಾರಾಳವಾಯಿತು. ರಾತ್ರಿಯೂಟಕ್ಕೂ ಅದೇ ಹಲಗೆ ಎನ್ನುವುದಾದರೆ ಎರಡರಷ್ಟು ತಾ.

ನೀಲಿ ಎಂದರೆ ಇಂಗ್ಲೆಂಡಿನ ಕ್ರಿಸ್‌ಮಸ್ಸಿನಲ್ಲಿ ಸ್ಟಿಲ್ಟನ್ನೇ. ಇದನ್ನು ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಈ ಮೂರು ಕೌಂಟಿಗಳಲ್ಲಿ ಮಾತ್ರ ಮಾಡಬೇಕೆಂದು ಕಾನೂನಿದೆ. ತಮಾಷೆಯೆಂದರೆ ಸ್ಟಿಲ್ಟನ್ ಎಂಬ ಹಳ್ಳಿ ಇರುವುದು ಕೇಂಬ್ರಿಜ್‌ಶೈರಿನಲ್ಲಿ. ಅಲ್ಲಿ ಮಾಡಿದ ಚೀಸಿಗೆ ಆ ಹೆಸರಿಡುವಂತಿಲ್ಲ! ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿದ್ದ ಆ ಹಳ್ಳಿಯ ಬೆಲ್ ಇನ್ ಎಂಬ ಛತ್ರದಲ್ಲಿ ಹದಿನೆಂಟನೆಯ ಶತಮಾನದ ಪ್ರಯಾಣಿಕರು ಕೊಂಡು ತಿಂದದ್ದರಿಂದ ಹೆಸರು ಅಂಟಿಕೊಂಡಿತು. ಮಾಗುತ್ತಿರುವ ಚೀಸಿಗೆ ಉಕ್ಕಿನ ಸೂಜಿಗಳಿಂದ ಚುಚ್ಚುತ್ತಾರೆ. ಆ ತೂತುಗಳಲ್ಲಿ ಗಾಳಿಯಾಡಿ ಒಳಗಿನ ಬೂಷ್ಟು ನೀಲಿ ನರಗಳಂತೆ ಹಬ್ಬುತ್ತದೆ. ಮಾಗಲು ಒಂಬತ್ತು ವಾರವಾದರೂ ಬೇಕು. ಹಾಗಾಗಿ ಡಿಸೆಂಬರಿನಲ್ಲಿ ನಿನ್ನ ಹಲಗೆಗೆ ಬರುವುದು ಬೇಸಿಗೆ ಮುಗಿಯುವ ಹೊತ್ತಿನ ಹುಲ್ಲು ಮೇಯ್ದ ಹಸುಗಳ ಹಾಲು. ಕೊಳ್ಳುವಾಗ ನರಗಳು ತೊಗಟೆಯಿಂದ ನಡುವಿನವರೆಗೂ ಹಬ್ಬಿವೆಯೇ, ಬಿಳಿಯ ಭಾಗ ಬೆಣ್ಣೆಯ ಬಣ್ಣಕ್ಕಿದೆಯೇ ನೋಡು. ಕಂದು ತಿರುಗಿ ಒಣಗಿದ್ದರೆ ಬಿಟ್ಟುಬಿಡು.

ಗಟ್ಟಿಯದಕ್ಕೆ ಚೆಡ್ಡಾರ್. "ಅದು ಸ್ಯಾಂಡ್‌ವಿಚ್‌ಗೆ ಹಾಕೋದಲ್ವಾ" ಎಂದು ಮೂಗು ಮುರಿಯಬೇಡ. ಫ್ರಿಜ್ಜಿನಲ್ಲಿರುವ ಪ್ಲಾಸ್ಟಿಕ್ಕಿನ ಇಟ್ಟಿಗೆ ಬೇರೆ, ಸಾಮರ್‌ಸೆಟ್ ಕಡೆಯ ತೋಟದ ಮನೆಗಳಲ್ಲಿ ಬಟ್ಟೆ ಸುತ್ತಿ ವರ್ಷಗಟ್ಟಲೆ ಮಾಗಿಸಿದ್ದು ಬೇರೆ. ಹೆಪ್ಪುಗಟ್ಟಿದ ಹಾಲನ್ನು ಚಪ್ಪಡಿಗಳಾಗಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಮಗುಚಿ ಹಾಕಿ ನೀರಿಳಿಸುವುದೇ ಇದರ ಗುಟ್ಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಹಾಲನ್ನೆಲ್ಲ ಒಂದೇ ಮಾದರಿಯ ಪಡಿತರ ಚೀಸಿಗೆ ತಿರುಗಿಸಿತ್ತು. ಪಡಿತರ ಮುಗಿದದ್ದು 1954ರಲ್ಲಿ. ಅಷ್ಟರಲ್ಲಿ ಎಷ್ಟೋ ಊರುಗಳ ಚೀಸು ಕಣ್ಮರೆಯಾಗಿತ್ತು. ಈಗ ಮತ್ತೆ ಸಿಗುತ್ತಿರುವುದು ಹಟ ಹಿಡಿದ ಕೆಲವು ರೈತರಿಂದ, ಲಂಡನ್ನಿನಲ್ಲಿ 1979ರಲ್ಲಿ ಶುರುವಾದ ನೀಲ್ಸ್ ಯಾರ್ಡ್ ಡೈರಿಯಂಥ ಅಂಗಡಿಗಳಿಂದ. ಅಂಥ ಅಂಗಡಿಯಲ್ಲಿ ರುಚಿ ನೋಡಲು ಚೂರು ಕೊಡುತ್ತಾರೆ. ಸಂಕೋಚಪಡದೆ ಕೇಳು, "ಈ ವಾರ ಯಾವುದು ಚೆನ್ನಾಗಿದೆ?" ಎಂದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಮೆತ್ತನೆಯದರಲ್ಲಿ ಬ್ರೀ ಎಲ್ಲರಿಗೂ ಗೊತ್ತು. ಇಲ್ಲಿನದೇ ಬೇಕೆಂದರೆ ಸಫೊಕ್‌ನ ಬ್ಯಾರನ್ ಬೈಗಾಡ್, ಹ್ಯಾಂಪ್‌ಶೈರಿನ ಟನ್‌ವರ್ತ್ ಇವೆ. ಈ ಜಾತಿಯದಕ್ಕೆ ದಿನ ನೋಡಿ ಕೊಳ್ಳಬೇಕು. ನಡುವೆ ಸುಣ್ಣದಂಥ ಬಿಳಿ ಗೆರೆ ಕಂಡರೆ ಇನ್ನೂ ಕಾಯಿ. ಮೂಗಿಗೆ ಅಮೋನಿಯಾ ಹೊಡೆದರೆ ಕಾಲ ಮೀರಿದೆ. ಇಂಥ ದಿನ ಬಡಿಸುತ್ತೇನೆ ಎಂದು ಅಂಗಡಿಯವರಿಗೆ ಹೇಳಿ ತಾ. ಇಂಗ್ಲೆಂಡಿನಲ್ಲಿ 25ನೇ ತಾರೀಕು ದೊಡ್ಡ ಅಂಗಡಿಗಳು ಬಾಗಿಲು ತೆರೆಯುವಂತಿಲ್ಲ, 2004ರಿಂದ ಅದಕ್ಕೇ ಒಂದು ಕಾಯ್ದೆ ಇದೆ. ಮರೆತದ್ದನ್ನು ಓಡಿಹೋಗಿ ತರುತ್ತೇನೆ ಎನ್ನುವ ಮಾತೇ ಇಲ್ಲ.

ನಾಲ್ಕನೆಯದು ಇರಲೇಬೇಕು ಎನಿಸಿದರೆ ಯಾರ್ಕ್‌ಶೈರಿನ ವೆನ್ಸ್ಲಿಡೇಲ್ ತಾ. ಪುಡಿಪುಡಿಯಾಗಿ, ತುಸು ಹುಳಿಯಾಗಿ, ಮೊಸರಿಗೆ ಒಗ್ಗಿದ ನಮ್ಮ ನಾಲಿಗೆಗೆ ಬೇಗ ಹಿಡಿಸುತ್ತದೆ. ಅಲ್ಲಿನವರು ಅದನ್ನು ಕ್ರಿಸ್‌ಮಸ್ ಕೇಕಿನ ಜೊತೆಗೇ ತಿನ್ನುತ್ತಾರೆ. ಒಣಹಣ್ಣು ತುಂಬಿದ ಕಪ್ಪು ಕೇಕಿನ ಮೇಲೆ ಒಂದು ಹೋಳು ಚೀಸು. ಕೇಳಲು ವಿಚಿತ್ರ, ತಿಂದು ನೋಡು. ಹಾಸ್ ಎಂಬ ಊರಿನ ಅದರ ಕಾರ್ಖಾನೆಯನ್ನು 1992ರಲ್ಲಿ ಮುಚ್ಚಿದಾಗ, ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದವರೇ ಅದೇ ವರ್ಷ ಅದನ್ನು ಕೊಂಡು ಮತ್ತೆ ನಡೆಸಿದರು. ಅಷ್ಟು ಪ್ರೀತಿ ಅದರ ಮೇಲೆ. ಕ್ರ್ಯಾನ್‌ಬೆರಿ, ಶುಂಠಿ, ಏಪ್ರಿಕಾಟ್ ತುರುಕಿದ್ದು ಮಾತ್ರ ಬೇಡ, ಹಣ್ಣನ್ನು ಪಕ್ಕದಲ್ಲಿಟ್ಟರಾಯಿತು.

ಈಗ ನೀನು ಮರೆಯಬಾರದ ಮಾತು. ನಿನ್ನ ಅತಿಥಿಗಳಲ್ಲಿ ನಮ್ಮ ಕಡೆಯ ಸಸ್ಯಾಹಾರಿಗಳೂ ಇದ್ದಾರೆ. ಹಾಲು ಹೆಪ್ಪುಗಟ್ಟಲು ಹಾಕುವ ರೆನೆಟ್ ಎಂಬುದು ಸಾಂಪ್ರದಾಯಿಕವಾಗಿ ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು. ಇಟಲಿಯ ಪಾರ್ಮಿಜಾನೊ, ಫ್ರಾನ್ಸಿನ ಕೊಂಟೆ, ರಾಕ್‌ಫೋರ್ ಇವಕ್ಕೆ ಪ್ರಾಣಿಯ ರೆನೆಟ್ಟೇ ಆಗಬೇಕೆಂಬ ನಿಯಮವೇ ಇದೆ. ಬಟ್ಟೆ ಸುತ್ತಿದ ಹಳೇ ಕ್ರಮದ ಚೆಡ್ಡಾರಿನಲ್ಲೂ ಸಾಮಾನ್ಯವಾಗಿ ಕರುವಿನ ರೆನೆಟ್ಟೇ ಇರುತ್ತದೆ, ಮೇಲಿನ ಬಟ್ಟೆಗೆ ಹಂದಿಯ ಕೊಬ್ಬು ಸವರುವುದೂ ಉಂಟು. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸಿದ ಒಳ್ಳೆಯ ಚೆಡ್ಡಾರೂ ಸ್ಟಿಲ್ಟನ್ನೂ ಇಲ್ಲಿ ಬೇಕಾದಷ್ಟು ಸಿಗುತ್ತವೆ. ಲೇಬಲ್ಲಿನಲ್ಲಿ ಸಸ್ಯಾಹಾರಿಗಳಿಗೆ ಆಗುತ್ತದೆ ಎಂದು ಬರೆದಿರುತ್ತದೆ. ಯಾವುದು ಯಾವ ಬಗೆ ಎಂದು ಒಂದು ಚೀಟಿ ಬರೆದು ಪಕ್ಕದಲ್ಲಿಡು. ತಿಂದಾದ ಮೇಲೆ ಹೇಳುವುದಕ್ಕಿಂತ ಮೊದಲೇ ತಿಳಿಸುವುದು ಮರ್ಯಾದೆ.

ಬಸುರಿ ಗೆಳತಿ ಬರುತ್ತಾಳಲ್ಲ, ಅವಳಿಗೆ ಬ್ರೀ, ಕ್ಯಾಮಂಬೇರ್, ಮೆತ್ತನೆಯ ನೀಲಿ ಚೀಸು ಹಾಗೇ ಕೊಡುವಂತಿಲ್ಲ. ಲಿಸ್ಟೀರಿಯಾ ಸೋಂಕಿನ ಭಯ. ಚೆಡ್ಡಾರಿಗೆ ತೊಂದರೆಯಿಲ್ಲ. ಹಾಲು ಜೀರ್ಣವಾಗದವರಿಗೂ ಚೆನ್ನಾಗಿ ಮಾಗಿದ ಗಟ್ಟಿ ಚೀಸಿನಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ. ಅದಕ್ಕೇ ಗಟ್ಟಿಯ ತುಂಡು ಉಳಿದೆರಡಕ್ಕಿಂತ ತುಸು ದೊಡ್ಡದಿದ್ದರೆ ಒಳ್ಳೆಯದು.

ಜೊತೆಗೇನಿಡಬೇಕು ಎನ್ನುವೆಯಾ? ಬಾಳೆ ಎಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಇಡುತ್ತೇವಲ್ಲ, ಅಷ್ಟೇ ಇವುಗಳ ಸ್ಥಾನ. ಅನ್ನವನ್ನು ಮುಚ್ಚುವಷ್ಟು ಬೇಡ. ಒಂದು ಸಿಹಿ, ಒಂದು ಹುಳಿ, ಒಂದು ಕುರುಕಲು ಇದ್ದರೆ ಮುಗಿಯಿತು. ಸ್ಟಿಲ್ಟನ್ ಉಪ್ಪುಪ್ಪು, ಅದಕ್ಕೆ ಪೇರ್ ಹಣ್ಣಿನ ಹೋಳು, ಅಕ್ರೋಟು, ಎರಡು ಹನಿ ಜೇನುತುಪ್ಪ. ಚೆಡ್ಡಾರಿಗೆ ಸೇಬು, ಮತ್ತೆ ಇಲ್ಲಿನವರ ಚಟ್ನಿ: ಅದು ಹಣ್ಣನ್ನು ವಿನಿಗರ್, ಸಕ್ಕರೆ ಹಾಕಿ ಕುದಿಸಿದ್ದು, ನಮ್ಮ ಕಾಯಿಚಟ್ನಿಯಲ್ಲ. ನೀನು ಮಾಡುವ ಅನಾನಸ್ ಗೊಜ್ಜು ಖಾರ ಕಡಿಮೆಯಿದ್ದರೆ ಆ ಜಾಗಕ್ಕೆ ಚೆನ್ನಾಗಿ ಒಪ್ಪುತ್ತದೆ. ಧೈರ್ಯವಾಗಿ ಇಡು, ಎಲ್ಲರೂ ಕೇಳಿ ಬರೆದುಕೊಳ್ಳುತ್ತಾರೆ. ಮಾವಿನ ಮಿಡಿ ಮಾತ್ರ ಒಳಗಿರಲಿ. ಅದು ನಾಲಿಗೆ ಹಿಡಿದರೆ ಬ್ರೀಯ ರುಚಿ ಸಿಕ್ಕುವುದೇ ಇಲ್ಲ. ಬ್ರೀಗೆ ದ್ರಾಕ್ಷಿ ಸಾಕು. ಬಿಸ್ಕತ್ತು ಸಪ್ಪೆಯದೇ ಆಗಬೇಕು. ಸ್ಕಾಟ್ಲೆಂಡಿನ ಓಟ್‌ಕೇಕು ನೀಲಿಗೆ ಒಳ್ಳೆಯ ಜೋಡಿ. ರೋಸ್‌ಮರಿ, ಬೆಳ್ಳುಳ್ಳಿ, ಮೆಣಸು ಹಾಕಿದ ಬಿಸ್ಕತ್ತುಗಳು ಚೀಸಿನ ಜೊತೆ ಜಗಳವಾಡುತ್ತವೆ.

ಕುಡಿಯುವವರಿಗೆ ಪೋರ್ಟ್ ವೈನ್. ಹುದುಗುವುದು ಮುಗಿಯುವ ಮೊದಲೇ ಬ್ರಾಂಡಿ ಬೆರೆಸುವುದರಿಂದ ಅದರಲ್ಲಿ ದ್ರಾಕ್ಷಿಯ ಸಿಹಿ ಉಳಿದಿರುತ್ತದೆ. ಉಪ್ಪು ಸ್ಟಿಲ್ಟನ್ನಿಗೆ ಆ ಸಿಹಿಯೇ ಬೇಕು. ಸ್ಟಿಲ್ಟನ್ನಿಗೆ ತೂತು ಕೊರೆದು ಅದರೊಳಗೇ ಪೋರ್ಟ್ ಸುರಿಯುವ ಚಾಳಿಯೊಂದಿದೆ. ನಿನ್ನ ಚಿಕ್ಕಪ್ಪ ಹಾಗೆ ಹೇಳಿಕೊಟ್ಟರೆ ಕೇಳಬೇಡ, ಎರಡೂ ಹಾಳು. ಕುಡಿಯದವರಿಗೂ ಮಕ್ಕಳಿಗೂ ಸೋಸದ ಸೇಬಿನ ರಸ ಕೊಡು, ಯಾವ ಚೀಸಿಗೂ ಸಲ್ಲುತ್ತದೆ.

ಬಡಿಸುವ ಒಂದು ಗಂಟೆ ಮೊದಲು ಚೀಸನ್ನು ಫ್ರಿಜ್ಜಿನಿಂದ ಹೊರಗಿಡು. ತಣ್ಣಗಿದ್ದಾಗ ಕೊಬ್ಬು ಬಿಗಿದಿರುತ್ತದೆ, ವಾಸನೆಯೂ ರುಚಿಯೂ ಬಿಟ್ಟುಕೊಡುವುದಿಲ್ಲ. ದುಡ್ಡು ಸುರಿದು ತಂದ ಚೀಸು ಸಪ್ಪೆಯೆನಿಸಿದರೆ ನೂರಕ್ಕೆ ತೊಂಬತ್ತು ಸಲ ಕಾರಣ ಇದೇ. ಮೂರಕ್ಕೂ ಮೂರು ಚಾಕು. ನೀಲಿಯ ಚಾಕು ಬ್ರೀಗೆ ಹೋಗದಿರಲಿ. ಎಲ್ಲವನ್ನೂ ಮೊದಲೇ ಚೌಕ ಚೌಕವಾಗಿ ಕತ್ತರಿಸಿಡಬೇಡ, ಒಣಗುತ್ತವೆ. ಒಂದೊಂದು ಹೋಳು ಮಾತ್ರ ನೀನೇ ಕತ್ತರಿಸಿ ದಾರಿ ತೋರಿಸು. ಬ್ರೀಯ ತ್ರಿಕೋನದ ಮೂಗನ್ನು ಅಡ್ಡಡ್ಡ ಕತ್ತರಿಸಿ ಎತ್ತಿಕೊಳ್ಳುವುದು ಇಲ್ಲಿ ಅಸಭ್ಯ. ತುದಿಯಿಂದ ತೊಗಟೆಯವರೆಗೆ ಉದ್ದಕ್ಕೆ ಕತ್ತರಿಸಿದರೆ ನಡುವಿನ ಮೃದುವೂ ಅಂಚಿನ ಘಾಟೂ ಎಲ್ಲರಿಗೂ ಸಮಪಾಲು. ತಿನ್ನುವಾಗ ಸೌಮ್ಯದಿಂದ ಜೋರಿಗೆ ಹೋಗಬೇಕು, ನೀಲಿ ಕೊನೆಗೆ.

ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಬೇಡ, ಬೆವರುತ್ತದೆ. ಮೇಣದ ಕಾಗದದಲ್ಲಿ ಸುತ್ತಿ ತರಕಾರಿ ಡಬ್ಬಿಯಲ್ಲಿಡು. ಮರುದಿನ ಸ್ಟಿಲ್ಟನ್ನಿನ ಚೂರುಗಳನ್ನು ಬ್ರಾಕೊಲಿ ಸೂಪಿಗೆ ಹಾಕು, ಚೆಡ್ಡಾರನ್ನು ದೋಸೆಯ ಮೇಲೆ ತುರಿ. ಸ್ಟಿಲ್ಟನ್ ಮಿಕ್ಕರೆ ಫ್ರೀಜರಿಗೂ ಹಾಕಬಹುದು, ಸೂಪಿಗೆ ಆಗುತ್ತದೆ. ಬ್ರೀಯನ್ನು ಮಾತ್ರ ಹಾಕಬೇಡ. ಅದನ್ನು ನೀವಿಬ್ಬರೇ ಕೂತು ಮುಗಿಸಿಬಿಡಿ.