ವಾಗ್ಭಟನ ದಿನಚರ್ಯೆ ಮತ್ತು ನಗರವಾಸಿಯ ದಿನ

॥ ಶ್ರೀಃ ॥

ಆಯುರ್ವೇದದ ಮೂರು ಹಿರಿಯ ಸಂಹಿತೆಗಳಲ್ಲಿ ಚರಕ, ಸುಶ್ರುತಗಳ ತರುವಾಯ ಗಣನೆಗೆ ಬರುವುದು ವಾಗ್ಭಟನ ಅಷ್ಟಾಂಗಹೃದಯ. ಆರು ಸ್ಥಾನಗಳು, ನೂರಿಪ್ಪತ್ತು ಅಧ್ಯಾಯಗಳು. ಅದರ ಸೂತ್ರಸ್ಥಾನದ ಮೊದಲ ಅಧ್ಯಾಯವು ಶಾಸ್ತ್ರದ ಸಾರವನ್ನು ಸಂಗ್ರಹಿಸಿ ಹೇಳಿದರೆ, ಎರಡನೆಯ ಅಧ್ಯಾಯವೇ ದಿನಚರ್ಯಾಧ್ಯಾಯ. ರೋಗ, ಔಷಧ, ಚಿಕಿತ್ಸೆ ಇವೆಲ್ಲವುಗಳ ವಿಸ್ತಾರಕ್ಕೂ ಮೊದಲು, ರೋಗವಿಲ್ಲದ ಮನುಷ್ಯನು ಬೆಳಗಿನಿಂದ ರಾತ್ರಿಯವರೆಗೆ ಹೇಗೆ ನಡೆದುಕೊಳ್ಳಬೇಕೆಂಬ ವಿಚಾರವನ್ನು ಗ್ರಂಥಕಾರನು ಇಟ್ಟಿದ್ದಾನೆ. ಈ ಕ್ರಮದಲ್ಲಿಯೇ ಅವನ ಅಭಿಪ್ರಾಯವು ವ್ಯಕ್ತವಾಗುತ್ತದೆ.

ಈ ಗ್ರಂಥಕ್ಕೂ ನಮ್ಮ ಮುಂಬಯಿಗೂ ಹತ್ತಿರದ ನಂಟಿದೆ. ಅರುಣದತ್ತನ ಸರ್ವಾಂಗಸುಂದರಾ, ದೇವಗಿರಿಯ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿಯ ಆಯುರ್ವೇದರಸಾಯನ ಎಂಬ ಎರಡು ವ್ಯಾಖ್ಯಾನಗಳೊಡನೆ ಇದನ್ನು ಅಚ್ಚುಮಾಡಿದುದು ಇದೇ ಊರಿನ ನಿರ್ಣಯಸಾಗರ ಮುದ್ರಣಾಲಯ. 1939ರ ಆ ಆವೃತ್ತಿಯನ್ನೇ ಇಂದಿಗೂ ವಿದ್ವಾಂಸರು ಕೈಯಲ್ಲಿ ಹಿಡಿಯುತ್ತಾರೆ. ಇಷ್ಟು ಸಮೀಪದಲ್ಲಿ ಅಚ್ಚಾದ ಗ್ರಂಥದ ಮಾತು ಬಾಂದ್ರಾದ ನಿವಾಸಿಗಳಾದ ನಮಗೆ ದೂರದ್ದೆಂದು ತೋರುವುದೇಕೆ?

ಕಾರಣವು ಸ್ಪಷ್ಟ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ಅಭ್ಯಂಗ, ವ್ಯಾಯಾಮ, ಸ್ನಾನ ಎಂದು ಪಟ್ಟಿಯನ್ನು ಓದಿದೊಡನೆ, ಇದೆಲ್ಲ ತೋಟ, ಬಾವಿ, ಬಚ್ಚಲೊಲೆ ಇದ್ದ ಕಾಲದ ಮಾತು, ಲೋಕಲ್ ಗಾಡಿ ಹಿಡಿಯುವವನಿಗೆ ಸಲ್ಲದೆಂದು ನಾವು ಪುಸ್ತಕವನ್ನು ಮುಚ್ಚಿಬಿಡುತ್ತೇವೆ. ಇನ್ನು ಕೆಲವರು ಕೇಳಿದ ಮಾತನ್ನು ನಂಬಿ, ತಮಗೆ ಹಿತವೋ ಅಹಿತವೋ ನೋಡದೆ ಎಲ್ಲವನ್ನೂ ಒಂದೇ ದಿನ ಆರಂಭಿಸಿ ವಾರದಲ್ಲಿ ಕೈಬಿಡುತ್ತಾರೆ. ಇವೆರಡೂ ಗ್ರಂಥವನ್ನು ಅರ್ಧ ಓದಿದುದರ ಫಲ. ವಾಗ್ಭಟನು ಪ್ರಧಾನವಾದ ವಿಧಿಗಳನ್ನು ಹೇಳುವಾಗ, ಅದು ಯಾರಿಗೆ ಸಲ್ಲದು, ಎಷ್ಟರ ಮಟ್ಟಿಗೆ ಸಲ್ಲುವುದು ಎಂಬುದನ್ನೂ ಜೊತೆಯಲ್ಲೇ ಹೇಳುತ್ತಾನೆ. ವಿಧಿ, ನಿಷೇಧ, ಮಾತ್ರೆ ಈ ಮೂರನ್ನೂ ಕೂಡಿಸಿ ಓದಿದರೆ ದಿನಚರ್ಯೆಯು ನಗರವಾಸಿಗೂ ಅಸಾಧ್ಯವಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಏಳುವ ಹೊತ್ತು

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ವಿಧಿಯಲ್ಲಿ ‘ಸ್ವಸ್ಥ’ ಎಂಬ ಪದವು ಸೇರಿದೆ. ಅರ್ಥಾತ್ ಈ ನಿಯಮವು ಆರೋಗ್ಯವಂತನಿಗೆ. ಜ್ವರಪೀಡಿತನಿಗಲ್ಲ, ಬಾಣಂತಿಗಲ್ಲ, ಎಳೆಯ ಮಗುವಿಗಲ್ಲ. ಅಷ್ಟಾಂಗಸಂಗ್ರಹದಲ್ಲಿ ಇನ್ನೊಂದು ಮಾತು ಹೆಚ್ಚಾಗಿದೆ: ಏಳುವಾಗ ಹಿಂದಿನ ರಾತ್ರಿಯ ಆಹಾರವು ಜೀರ್ಣವಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಿಕೊಳ್ಳಬೇಕು. ಈ ಒಂದು ಮಾತು ಇಡೀ ದಿನಚರ್ಯೆಯ ಕೀಲಿಕೈ ಎಂದರೆ ಅತಿಶಯೋಕ್ತಿಯಲ್ಲ. ಏಕೆಂದರೆ ಮುಂದೆ ಹೇಳುವ ದಂತಧಾವನ, ಅಭ್ಯಂಗ, ವ್ಯಾಯಾಮ, ಸ್ನಾನ ಈ ನಾಲ್ಕರಲ್ಲಿಯೂ ಅಜೀರ್ಣವುಳ್ಳವನಿಗೆ ನಿಷೇಧವಿದೆ. ರಾತ್ರಿ ಹನ್ನೊಂದಕ್ಕೆ ಉಂಡು ಬೆಳಗ್ಗೆ ನಾಲ್ಕೂವರೆಗೆ ಎದ್ದವನು ಶಾಸ್ತ್ರವನ್ನು ಪಾಲಿಸಿದಂತಾಗಲಿಲ್ಲ. ದಿನಚರ್ಯೆಯು ಆರಂಭವಾಗುವುದು ಮುಂಜಾನೆಯ ಗಂಟೆಯಿಂದಲ್ಲ, ಹಿಂದಿನ ರಾತ್ರಿಯ ಊಟದ ಎಲೆಯಿಂದ.

ಸೂರ್ಯೋದಯಕ್ಕೆ ಸುಮಾರು 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ಮೊದಲು ಮುಗಿಯುವ ಕಾಲವನ್ನು ಬ್ರಾಹ್ಮೀ ಮುಹೂರ್ತವೆಂದು ಎಣಿಸುವ ರೂಢಿಯಿದೆ. ಮುಂಬಯಿಯಲ್ಲಿ ಜೂನ್ ಆರಂಭದಲ್ಲಿ ಸೂರ್ಯೋದಯವು ಆರು ಗಂಟೆಯ ಸುಮಾರಿಗೆ. ಜನವರಿಯ ಮಧ್ಯದಲ್ಲಿ ಏಳು ಗಂಟೆ ಹತ್ತು ನಿಮಿಷ ದಾಟುತ್ತದೆ. ಆದ್ದರಿಂದ ಬೇಸಿಗೆಯ ಕೊನೆಯಲ್ಲಿ ನಾಲ್ಕೂವರೆಗೆ ಬರುವ ಆ ಹೊತ್ತು ಚಳಿಗಾಲದಲ್ಲಿ ಐದೂ ಮುಕ್ಕಾಲರ ಆಸುಪಾಸಿಗೆ ಬರುತ್ತದೆ. ವರ್ಷವಿಡೀ ನಾಲ್ಕಕ್ಕೇ ಏಳಬೇಕೆಂದು ಯಾರೂ ವಿಧಿಸಿಲ್ಲ. ಸೂರ್ಯನ ಗತಿಯೊಡನೆ ದೇಹವೂ ನಡೆಯಲೆಂಬುದಷ್ಟೇ ತಾತ್ಪರ್ಯ. ಜೀವಿಗಳ ಒಳಗೆ ಹಗಲಿರುಳನ್ನು ಅಳೆಯುವ ವ್ಯವಸ್ಥೆಯೊಂದಿದೆ ಎಂಬ ಸಂಶೋಧನೆಗೆ 2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಅದು ವಾಗ್ಭಟನ ಮಾತಿಗೆ ಪ್ರಮಾಣಪತ್ರವೆಂದು ನಾವು ಬೀಗಬೇಕಾಗಿಲ್ಲ. ಹೊತ್ತಿಗೆ ಬೆಲೆಯಿದೆ ಎಂಬ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಿದ್ದಾರೆಂದು ತಿಳಿದರೆ ಸಾಕು.

ಹಾಗಾದರೆ ರಾತ್ರಿ ನಿದ್ದೆಗೆಟ್ಟವನು ಏನು ಮಾಡಬೇಕು? ನಮ್ಮ ನಗರದಲ್ಲಿ ಕೊನೆಯ ಲೋಕಲ್ ಹೊರಡುವುದು ನಡುರಾತ್ರಿ ಕಳೆದ ಮೇಲೆ, ಮೊದಲನೆಯದು ನಾಲ್ಕರ ಆಸುಪಾಸಿಗೆ. ಅವುಗಳನ್ನು ನಡೆಸುವವರೂ ಮನುಷ್ಯರೇ. ರೈಲ್ವೆ ಸೇವೆಯಲ್ಲಿದ್ದವರಿಗೆಲ್ಲ ಈ ಜಾಗರಣೆಯ ಪರಿಚಯವುಂಟು; ಈಗ ಬಾಂದ್ರಾ-ಕುರ್ಲಾ ಸಂಕೀರ್ಣದ ಕಚೇರಿಗಳಲ್ಲಿ ಪರದೇಶದ ಗಡಿಯಾರವನ್ನು ನೋಡಿ ದುಡಿಯುವ ನಮ್ಮ ಮಕ್ಕಳಿಗೂ ಉಂಟು. ಇದಕ್ಕೂ ಗ್ರಂಥದಲ್ಲಿ ಉತ್ತರವಿದೆ. ಅಭ್ಯಾಸವಿಲ್ಲದ ಜಾಗರಣೆಯಾದರೆ, ಎಚ್ಚರವಿದ್ದ ಕಾಲದ ಅರ್ಧದಷ್ಟನ್ನು ಮರುದಿನ ಬೆಳಗ್ಗೆ, ಆಹಾರ ಸೇವಿಸುವ ಮೊದಲು ಮಲಗಬೇಕು. ಹತ್ತಕ್ಕೆ ಮಲಗುವವನು ಎರಡರವರೆಗೆ ಎಚ್ಚರವಿದ್ದರೆ ನಷ್ಟ ನಾಲ್ಕು ಗಂಟೆ. ಬೆಳಗ್ಗೆ ಹೆಚ್ಚಾಗಿ ಎರಡು ಗಂಟೆ ಮಲಗಲಿ. ಗ್ರೀಷ್ಮವನ್ನುಳಿದು ಬೇರೆ ಋತುಗಳಲ್ಲಿ ಹಗಲುನಿದ್ದೆಯನ್ನು ನಿಷೇಧಿಸುವ ಗ್ರಂಥಕಾರನು ಪ್ರಯಾಣದಿಂದ ಬಳಲಿದವರಿಗೂ ವೃದ್ಧರಿಗೂ ಬಾಲರಿಗೂ ವಿನಾಯಿತಿ ಕೊಡುತ್ತಾನೆ. ಹೀಗಿರುವಾಗ ರಾತ್ರಿಪಾಳಿ ಮುಗಿಸಿ ಬಂದ ಮಗನನ್ನು ಐದಕ್ಕೆ ಎಬ್ಬಿಸಿ ಶಾಸ್ತ್ರವನ್ನು ಉಪದೇಶಿಸುವುದು ಶಾಸ್ತ್ರಕ್ಕೆ ಸಮ್ಮತವಲ್ಲ.

ಶರೀರದ ನಾಲ್ಕು ಕಾರ್ಯಗಳು

ದಂತಧಾವನಕ್ಕೆ ಎಕ್ಕ, ಆಲ, ಕಗ್ಗಲಿ, ಹೊಂಗೆ, ಮತ್ತಿ ಮುಂತಾದ ಮರಗಳ ಕಡ್ಡಿಯನ್ನು ಹೇಳಿದೆ. ಕಿರುಬೆರಳಿನ ದಪ್ಪ, ಹನ್ನೆರಡು ಅಂಗುಲದ ಉದ್ದ. ಇದಕ್ಕಾಗಿ ಬೀದಿಯ ಮರವನ್ನು ಮುರಿಯಬೇಕಾಗಿಲ್ಲ. ವಿಧಿಯ ಸಾರವು ಎರಡು: ಬೆಳಗ್ಗೆಯಷ್ಟೇ ಅಲ್ಲದೆ ಊಟದ ನಂತರವೂ ಹಲ್ಲು ಶುಚಿಮಾಡುವುದು, ಒಸಡಿಗೆ ನೋವಾಗದಂತೆ ಉಜ್ಜುವುದು. ಮೃದುವಾದ ಬ್ರಶ್ಶಿನಿಂದಲೂ ಇದು ಸಾಧ್ಯ.

ಅಭ್ಯಂಗವು ನಿತ್ಯಕರ್ಮವೆಂದು ಹೇಳಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕೆಂದು ವಾಗ್ಭಟನು ಸೇರಿಸುತ್ತಾನೆ. ಸಮಯವಿಲ್ಲದವನಿಗೆ ಇಲ್ಲಿ ದಾರಿ ಸಿಕ್ಕಿತು. ವಾರಕ್ಕೊಮ್ಮೆ ಪೂರ್ಣ ಎಣ್ಣೆಸ್ನಾನ, ಉಳಿದ ದಿನ ರಾತ್ರಿ ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ. ಇಷ್ಟಕ್ಕೆ ಐದು ನಿಮಿಷ ಸಾಕು. ಕಫ ಹೆಚ್ಚಿದವರಿಗೆ, ಅಜೀರ್ಣದವರಿಗೆ ಇದು ಸಲ್ಲದು. ಕಿವಿ ಸೋರುವವರು ಕಿವಿಗೆ ಎಣ್ಣೆ ಬಿಡಲೇಬಾರದು. ವೃದ್ಧರು ಎಣ್ಣೆಗಾಲಿನಲ್ಲಿ ಬಚ್ಚಲಿನ ನುಣುಪು ಹಾಸಿನ ಮೇಲೆ ನಡೆಯಬಾರದು. ಬಿದ್ದು ಸೊಂಟದ ಮೂಳೆ ಮುರಿದರೆ ಅಭ್ಯಂಗದ ಫಲವೆಲ್ಲ ವ್ಯರ್ಥ.

ವ್ಯಾಯಾಮಕ್ಕೆ ‘ಅರ್ಧಶಕ್ತಿ’ ಎಂಬುದು ಅಳತೆ. ಅದು ಕೂಡ ಬಲವಂತನಿಗೆ, ಸ್ನಿಗ್ಧವಾದ ಆಹಾರವುಳ್ಳವನಿಗೆ, ಚಳಿಗಾಲ ಮತ್ತು ವಸಂತದಲ್ಲಿ. ಉಳಿದ ಕಾಲದಲ್ಲಿ ಅದಕ್ಕೂ ಕಡಿಮೆ. ಅತಿವ್ಯಾಯಾಮದಿಂದ ಬಾಯಾರಿಕೆ, ಕ್ಷಯ, ಶ್ವಾಸಗಳು ಬರುತ್ತವೆಂದೂ, ಆನೆಯನ್ನು ಎಳೆಯಹೊರಟ ಸಿಂಹದಂತೆ ಮನುಷ್ಯನು ನಾಶವಾಗುತ್ತಾನೆಂದೂ ಎಚ್ಚರಿಸಿದೆ. ಮೇ ತಿಂಗಳ ಬೆವರಿನಲ್ಲಿ ಕಾರ್ಟರ್ ರಸ್ತೆಯ ಕಡಲಂಚಿನಲ್ಲಿ ಏದುಸಿರು ಬಿಡುತ್ತ ಓಡುವವರು ಇದನ್ನು ಗಮನಿಸಬೇಕು. ಗಾಡಿ ಹಿಡಿಯಲು ನಿತ್ಯ ಸೇತುವೆಯನ್ನು ಹತ್ತಿಳಿಯುವವನು ಆ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಲಿ.

ಸ್ನಾನದಲ್ಲಿ ಬಿಸಿನೀರು ಕತ್ತಿನ ಕೆಳಗಿನ ದೇಹಕ್ಕೆ ಬಲವನ್ನು ಕೊಡುತ್ತದೆ, ತಲೆಗೆ ಹಾಕಿದರೆ ಕೂದಲು, ಕಣ್ಣುಗಳ ಬಲವನ್ನು ಕುಂದಿಸುತ್ತದೆ ಎಂಬುದು ಗ್ರಂಥದ ಅಭಿಪ್ರಾಯ. ಉಂಡ ಕೂಡಲೇ ಸ್ನಾನವು ನಿಷಿದ್ಧ. ಶ್ರೀಮದಾಚಾರ್ಯರ ಸದಾಚಾರಸ್ಮೃತಿಯನ್ನು ಅನುಸರಿಸುವ ಮನೆಗಳಲ್ಲಿ ಸ್ನಾನ, ಸಂಧ್ಯೆ, ಪೂಜೆಗಳ ತರುವಾಯವೇ ಆಹಾರವೆಂಬ ಕ್ರಮವು ಇರುವುದರಿಂದ ಈ ನಿಯಮವು ತಾನಾಗಿಯೇ ನೆರವೇರುತ್ತದೆ.

ಬಿಡತಕ್ಕವುಗಳು

ಪ್ರಾಚೀನ ಗ್ರಂಥದಲ್ಲಿ ಇದೆಯೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಇಂದು ಆಚರಿಸತಕ್ಕದ್ದಲ್ಲ. ದಿನಚರ್ಯೆಯಲ್ಲಿ ತಾಂಬೂಲಕ್ಕೂ ಸ್ಥಾನವಿದೆ. ಆದರೆ ಅಡಿಕೆಯು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಿರ್ಣಯಿಸಿದೆ. ಪರೇಲಿನಲ್ಲಿ 1941ರಿಂದ ಇರುವ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಳದಲ್ಲಿ ಬಾಯಿಯ ರೋಗದವರನ್ನು ಕಂಡವನಿಗೆ ಹೆಚ್ಚು ಹೇಳಬೇಕಾಗಿಲ್ಲ. ದೇವರಿಗೆ ನಿವೇದಿಸಿದ ತಾಂಬೂಲವನ್ನು ಕಣ್ಣಿಗೊತ್ತಿಕೊಂಡರೆ ಸಾಕು. ದಿನವೂ ಜಗಿಯುವ ಚಟವು ಬೇಡ. ಅಂತೆಯೇ ಕಣ್ಣಿಗೆ ಅಂಜನವೆಂದು ಅಂಗಡಿಯಿಂದ ತಂದ ಸುರಮೆಯಲ್ಲಿ ಸೀಸವು ಇರಬಹುದು, ಮಕ್ಕಳಿಗಂತೂ ಹಚ್ಚಬಾರದು. ಧೂಮ, ನಸ್ಯಗಳನ್ನು ವೈದ್ಯನ ಸಲಹೆಯಿಲ್ಲದೆ ಮಾಡಿಕೊಳ್ಳಬಾರದು. ರಕ್ತದೊತ್ತಡ, ಮಧುಮೇಹಗಳಿಗೆ ಔಷಧ ಸೇವಿಸುವವರು ದಿನಚರ್ಯೆಯನ್ನು ಹಿಡಿದೆವೆಂದು ಔಷಧವನ್ನು ತಾವಾಗಿ ನಿಲ್ಲಿಸಕೂಡದು. ಏಕಾದಶಿಯ ಉಪವಾಸದ ವಿಷಯದಲ್ಲಿಯೂ ಅಂಥವರು ಗುರುಗಳನ್ನೂ ವೈದ್ಯರನ್ನೂ ಕೇಳಿಯೇ ನಡೆಯತಕ್ಕದ್ದು.

ವೇಗಗಳು

ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯವು ಹದಿಮೂರು ವೇಗಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು ಎಣಿಸಿ, ಅವುಗಳನ್ನು ತಡೆಯಬಾರದೆನ್ನುತ್ತದೆ. ನಗರವಾಸಿಗೆ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಹತ್ತಿರದ ಅಧ್ಯಾಯವಿಲ್ಲ. ಚರ್ಚ್‌ಗೇಟಿನಿಂದ ವಿರಾರದವರೆಗೆ 60 ಕಿಲೋಮೀಟರು. ಒಂದೂವರೆ ಗಂಟೆಯ ಹಾದಿ. ಲೋಕಲ್ ಗಾಡಿಯಲ್ಲಿ ಶೌಚಾಲಯವಿಲ್ಲ. ಮೂತ್ರವನ್ನು ತಡೆದರೆ ಮೈನೋವು, ಅಶ್ಮರಿ ಅಂದರೆ ಕಲ್ಲು, ಕಿಬ್ಬೊಟ್ಟೆಯ ವೇದನೆ ಬರುತ್ತವೆಂದು ಗ್ರಂಥವು ಹೇಳುತ್ತದೆ. ನಮ್ಮ ಅನೇಕ ಹೆಣ್ಣುಮಕ್ಕಳು ದಾರಿಯಲ್ಲಿ ಶೌಚಕ್ಕೆ ಸ್ಥಳವಿರದೆಂಬ ಭಯದಿಂದ ಬೆಳಗಿನಿಂದಲೇ ನೀರು ಕುಡಿಯುವುದಿಲ್ಲ. ಹದಿಮೂರರ ಎಣಿಕೆಯಲ್ಲಿ ಬಾಯಾರಿಕೆಯೂ ಒಂದು. ಆದ್ದರಿಂದ ಅವರು ಒಂದನ್ನಲ್ಲ, ಎರಡು ವೇಗಗಳನ್ನು ತಡೆಯುತ್ತಿದ್ದಾರೆ. ಮಹಿಳೆಯರಿಗೆ ಶುಚಿಯಾದ ಸಾರ್ವಜನಿಕ ಮೂತ್ರಾಲಯಗಳು ಬೇಕೆಂದು 2011ರಲ್ಲಿ ಮುಂಬಯಿಯಲ್ಲಿ ಆಂದೋಲನವೇ ಆರಂಭವಾಯಿತು. ಅದು ನಾಗರಿಕ ಹಕ್ಕಿನ ಪ್ರಶ್ನೆಯಾದಂತೆ ಆಯುರ್ವೇದದ ಪ್ರಶ್ನೆಯೂ ಹೌದು. ಮನೆಯ ಹಿರಿಯರು ಮಾಡಬಹುದಾದುದಿಷ್ಟು: ಬೆಳಗಿನ ಗಡಿಬಿಡಿಯಲ್ಲಿ ಸೊಸೆಗೂ ಮಗಳಿಗೂ ಹದಿನೈದು ನಿಮಿಷದ ಬಿಡುವು ಸಿಗುವಂತೆ ಬಚ್ಚಲಿನ ಸರದಿಯನ್ನು, ಅಡಿಗೆಯ ಕೆಲಸವನ್ನು ಹಂಚಿಕೊಳ್ಳುವುದು. ತಾನು ಧ್ಯಾನಕ್ಕೆ ಕುಳಿತು ಅವಳನ್ನು ಓಡಿಸುವವನ ದಿನಚರ್ಯೆಯು ಅರ್ಧವೇ ಸರಿ.

ಅದೇ ಅಧ್ಯಾಯದಲ್ಲಿ ಗ್ರಂಥಕಾರನು ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತಾನೆ: ಲೋಭ, ಈರ್ಷ್ಯೆ, ದ್ವೇಷ, ಮಾತ್ಸರ್ಯ, ರಾಗ ಮೊದಲಾದವು. ನಾವು ಸಾಮಾನ್ಯವಾಗಿ ಮಾಡುವುದು ಇದರ ವಿಪರ್ಯಾಸ. ದೇಹದ್ದನ್ನು ತಡೆದು ಮನಸ್ಸಿನದನ್ನು ಹರಿಯಬಿಡುತ್ತೇವೆ.

ಕ್ರಮವಾಗಿ ಬದಲಾಯಿಸುವ ವಿಧಾನ

ಊಟದ ಮಾತ್ರೆಯನ್ನು ಎಂಟನೆಯ ಅಧ್ಯಾಯವು ಹೇಳುತ್ತದೆ. ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಎರಡು ಅನ್ನಕ್ಕೆ, ಒಂದು ಪಾನೀಯಕ್ಕೆ, ಒಂದು ವಾಯುವಿನ ಸಂಚಾರಕ್ಕೆ ಖಾಲಿ. ಮಳೆಗಾಲದಲ್ಲಿ ಜಠರಾಗ್ನಿಯು ಮಂದವಾಗುವುದರಿಂದ ಇನ್ನಷ್ಟು ಎಚ್ಚರಿಕೆ ಅವಶ್ಯಕ. ಆಗ ಹಳೆಯ ಧಾನ್ಯವನ್ನೂ ಕಾಯಿಸಿದ ನೀರನ್ನೂ ಹೇಳಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬಯಿಗೆ ಇದು ಅಕ್ಷರಶಃ ಅನ್ವಯಿಸುತ್ತದೆ.

ಆದರೆ ಹತ್ತೂವರೆಗೆ ಉಣ್ಣುವ ರೂಢಿಯನ್ನು ಬದಲಿಸುವುದು ಹೇಗೆ? ಇಲ್ಲಿಯೇ ವಾಗ್ಭಟನ ವೈದ್ಯಹೃದಯವು ಕಾಣುತ್ತದೆ. ರೂಢಿಯಾದ ಅಪಥ್ಯವನ್ನು ಒಮ್ಮೆಲೇ ಬಿಡಬಾರದು. ಕಾಲುಭಾಗದಂತೆ, ಅದೂ ಕಷ್ಟವಾದರೆ ಕಾಲಿನ ಕಾಲುಭಾಗದಂತೆ, ನಡುವೆ ಕೆಲವು ದಿನ ಬಿಟ್ಟು ಬಿಡುತ್ತ ಹೋಗಬೇಕು. ಹಿತವಾದುದನ್ನು ಅದೇ ಕ್ರಮದಲ್ಲಿ ಹಿಡಿಯಬೇಕು. ಒಮ್ಮೆಲೇ ಬಿಟ್ಟರೆ ಅದೇ ರೋಗಕ್ಕೆ ಕಾರಣವಾಗುತ್ತದೆ. ಈ ನಿಯಮವನ್ನು ಹೊತ್ತಿಗೂ ಅನ್ವಯಿಸಬಹುದು. ಹತ್ತೂವರೆಯ ಊಟವನ್ನು ಎಂಟೂವರೆಗೆ ತರಬೇಕಾದರೆ ಅಂತರ ಎರಡು ಗಂಟೆ. ಅದರ ಕಾಲುಭಾಗ ಅರ್ಧ ಗಂಟೆ. ಮೊದಲ ವಾರ ಹತ್ತು ಗಂಟೆಗೆ, ಅದು ಒಗ್ಗಿದ ಮೇಲೆ ಒಂಬತ್ತೂವರೆಗೆ, ಹೀಗೆ ಒಂದು ತಿಂಗಳು. ಅರ್ಧ ಗಂಟೆಯೂ ಹೆಚ್ಚೆನಿಸಿದರೆ ಏಳೆಂಟು ನಿಮಿಷದಂತೆ ಸರಿಸಿದರೂ ಶಾಸ್ತ್ರಸಮ್ಮತವೇ. ಗಾಡಿಯಿಳಿದು ಮನೆ ಸೇರುವುದೇ ಒಂಬತ್ತಕ್ಕೆ ಎನ್ನುವವರು ಸಂಜೆ ಕಚೇರಿಯಲ್ಲಿಯೇ ಡಬ್ಬಿಯಲ್ಲಿ ತಂದುದನ್ನು ತಿಂದು, ರಾತ್ರಿ ಗಂಜಿಯನ್ನೋ ಅನ್ನ-ಮಜ್ಜಿಗೆಯನ್ನೋ ಮಿತವಾಗಿ ತೆಗೆದುಕೊಳ್ಳಲಿ. ಊಟವು ಹಿಂದಕ್ಕೆ ಸರಿದರೆ ನಿದ್ದೆಯು ತಾನಾಗಿ ಸರಿಯುತ್ತದೆ. ನಿದ್ದೆಯು ಸರಿದರೆ ಎಚ್ಚರವು ಗಡಿಯಾರವಿಲ್ಲದೆಯೇ ಬರುತ್ತದೆ.

ದಿನಚರ್ಯಾಧ್ಯಾಯವು ಶರೀರದ ಮಾತಿನಿಂದ ಆರಂಭವಾದರೂ ಅಲ್ಲಿಯೇ ನಿಲ್ಲುವುದಿಲ್ಲ. ಧರ್ಮವಿಲ್ಲದೆ ಸುಖವಿಲ್ಲ, ಕೀಟ-ಇರುವೆಗಳನ್ನೂ ತನ್ನಂತೆಯೇ ಕಾಣಬೇಕು, ಬೇಡಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದು ಎಂಬ ಸದ್ವೃತ್ತವೂ ಅದರ ಅಂಗವೇ. ಅಧ್ಯಾಯದ ಕೊನೆಯಲ್ಲಿ ಗ್ರಂಥಕಾರನು ಹೇಳುವ ಸಾಧನೆಯು ಅತಿ ಸುಲಭವಾದುದು: ನನ್ನ ಹಗಲಿರುಳುಗಳು ಹೇಗೆ ಕಳೆಯುತ್ತಿವೆ ಎಂದು ಮನುಷ್ಯನು ಎಡೆಬಿಡದೆ ನೆನೆಯುತ್ತಿರಬೇಕು. ಹಾಗೆ ನೆನೆಯುವವನಿಗೆ ದುಃಖವಿಲ್ಲವೆನ್ನುತ್ತಾನೆ. ಇದಕ್ಕೆ ಎಣ್ಣೆ ಬೇಡ, ಅಂಗಳ ಬೇಡ, ಹಣವೂ ಬೇಡ. ಗಾಡಿಯಲ್ಲಿ ನಿಂತೇ ಮಾಡಬಹುದು. ವಾಚಕರು ಈ ತಿಂಗಳು ರಾತ್ರಿಯ ಊಟದ ಹೊತ್ತನ್ನು ಮಾತ್ರ ಸರಿಸಲು ಆರಂಭಿಸಲಿ. ಮಿಕ್ಕುದಕ್ಕೆ ಅದು ದಾರಿ ಮಾಡಿಕೊಡುವುದು.

॥ ಶ್ರೀಕೃಷ್ಣಾರ್ಪಣಮಸ್ತು ॥